ಮುದ್ರಿಸದಿದ್ದರೂ ಇಳಿಯುವ ಇಂಕು: ಹೆಡ್ ಕ್ಲೀನಿಂಗ್ ಕುರಿತು ಒಂದು ಸಂದೇಹ

ಪ್ರಶ್ನೆ: ಮಲೆಸೆರಗು, ಮೂಡಿಗೆರೆ

ನಮ್ಮ ಮನೆಯಲ್ಲಿ ಇಂಕ್ ಟ್ಯಾಂಕ್ ಇರುವ ಬಣ್ಣದ ಪ್ರಿಂಟರ್ ಒಂದಿದೆ. ಪಹಣಿ, ತೋಟದ ಆಳುಗಳ ವಾರದ ಬಟವಾಡೆ ಪಟ್ಟಿ, ಅಪರೂಪಕ್ಕೆ ಮಗಳ ಶಾಲೆಯ ಪ್ರಾಜೆಕ್ಟಿಗೆ ಬೇಕಾದ ಚಿತ್ರಗಳು, ಇಷ್ಟೇ ಅದರ ಕೆಲಸ. ಹೆಚ್ಚಿನವು ಕಪ್ಪಕ್ಷರದ ಹಾಳೆಗಳೇ ಆಗಿದ್ದರೂ ಬಣ್ಣದ ಮೂರೂ ಟ್ಯಾಂಕುಗಳು ಕಪ್ಪಿನ ಜೊತೆಜೊತೆಗೇ ಇಳಿಯುತ್ತಿವೆ. ಪ್ರಿಂಟರನ್ನು ಚಾಲೂ ಮಾಡಿದಾಗಲೆಲ್ಲ ಒಳಗಿನಿಂದ ಬಹಳ ಹೊತ್ತು ಗರಗರ ಸದ್ದು ಬರುತ್ತದೆ. ಸಿಡಿಲಿನ ಭಯದಿಂದ ಕೆಲಸ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕಿತ್ತಿಡುವುದು ನಮ್ಮಲ್ಲಿ ರೂಢಿ. ಈಚೆಗೆ ಕಪ್ಪಕ್ಷರಗಳ ನಡುವೆ ಬಿಳಿ ಗೆರೆಗಳು ಕಾಣಿಸಿಕೊಂಡವು. ಕಾಗದದ ಮೇಲೆ ಇಂಕು ಚಿಮ್ಮುವ ಹೆಡ್ ಎಂಬ ಭಾಗವನ್ನು ಶುಚಿಗೊಳಿಸುವ ಹೆಡ್ ಕ್ಲೀನಿಂಗನ್ನು ಒಂದರ ಹಿಂದೊಂದರಂತೆ ಕೊಟ್ಟಾಗ ಗೆರೆಗಳು ಹೋಗುವ ಬದಲು ಹೆಚ್ಚಾದವು. ಡಬ್ಬಿಯ ಮೇಲೆ ಮುದ್ರಿಸಿರುವ ಪುಟಗಳ ಲೆಕ್ಕಕ್ಕೂ ನಮಗೆ ಸಿಗುತ್ತಿರುವ ಪುಟಗಳಿಗೂ ತಾಳೆಯೇ ಇಲ್ಲ. ಇಂಕು ಹೋಗುತ್ತಿರುವುದಾದರೂ ಎಲ್ಲಿಗೆ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಹೇಮಾವತಿ ದಂಡೆ, ಹಾಸನ

ಗೋಡೆಯ ಸ್ವಿಚ್ಚಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ತಮ್ಮ ತೊಂದರೆಯ ಬಹುಪಾಲು ಅಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ. ಪ್ರಿಂಟರಿನ ಮೇಲಿರುವ ಪವರ್ ಗುಂಡಿಯನ್ನು ಒತ್ತಿ ಆರಿಸಿದಾಗ ಹೆಡ್ ತನ್ನ ಮೂಲೆಗೆ ಸರಿದು ರಬ್ಬರ್ ಅಂಚಿನ ಕ್ಯಾಪಿನ ಮೇಲೆ ಸರಿಯಾಗಿ ಕುಳಿತುಕೊಳ್ಳುತ್ತದೆ, ಆ ಕ್ಯಾಪ್ ಹೆಡ್ಡಿನಲ್ಲಿ ಇಂಕು ಹೊರಬರುವ ರಂಧ್ರಗಳಾದ ನಾಜಲ್‌ಗಳಿಗೆ ಗಾಳಿ ತಾಗದಂತೆ ಕಾಯುತ್ತದೆ. ಗೋಡೆಯಲ್ಲೇ ವಿದ್ಯುತ್ ಕಡಿದರೆ ಹೆಡ್ ಪೂರ್ತಿ ಮುಚ್ಚಿಕೊಳ್ಳದೆ ಉಳಿಯುವ ಸಂಭವವಿದೆ. ಕೂದಲೆಳೆಗಿಂತ ಸಪೂರವಾದ ನಾಜಲ್‌ಗಳ ಬಾಯಲ್ಲಿ ಇಂಕು ಒಣಗಲು ಅಷ್ಟು ಸಾಕು. ಇದಲ್ಲದೆ, ಎಷ್ಟು ದಿನ ಆರಿದ್ದೆನೆಂಬ ಲೆಕ್ಕ ತಪ್ಪಿದ ಕೆಲವು ಮಾದರಿಗಳು ಪ್ಲಗ್ ಚುಚ್ಚಿದ ಕೂಡಲೇ ಎಂದಿಗಿಂತ ದೀರ್ಘವಾದ ಕ್ಲೀನಿಂಗಿಗೆ ತೊಡಗುತ್ತವೆ. ತಾವು ಕೇಳುತ್ತಿರುವ ಗರಗರ ಸದ್ದು ಬಹುಶಃ ಅದೇ ಇರಬೇಕು.

ಕ್ಲೀನಿಂಗ್ ಎಂದರೆ ಕ್ಯಾಪಿನ ಕೆಳಗಿರುವ ಪುಟ್ಟ ಪಂಪು ನಾಜಲ್‌ಗಳ ಮೂಲಕ ಇಂಕನ್ನೇ ಹೀರಿ ಹೊರಹಾಕುವುದು. ಬೇರೆ ಯಾವ ದ್ರಾವಣವೂ ಅದರಲ್ಲಿಲ್ಲ. ಮನೆಬಳಕೆಯ ಅನೇಕ ಪ್ರಿಂಟರ್‌ಗಳಲ್ಲಿ ಎಲ್ಲ ಬಣ್ಣಗಳಿಗೂ ಸೇರಿ ಒಂದೇ ಕ್ಯಾಪ್, ಒಂದೇ ಪಂಪು ಇರುವುದರಿಂದ ಕಪ್ಪಿನ ಗೆರೆ ತೆಗೆಯಲು ಕೊಟ್ಟ ಕ್ಲೀನಿಂಗ್ ಹಳದಿಯನ್ನೂ ಎಳೆಯುತ್ತದೆ. ಪ್ರಿಂಟ್ ಸೆಟ್ಟಿಂಗಿನಲ್ಲಿ ಕಾಗದದ ಬಗೆ ಫೋಟೋ ಪೇಪರ್ ಎಂದೇ ಉಳಿದಿದ್ದರೆ ಇನ್ನೊಂದು ಸೋರಿಕೆ ಇದೆ: ಪಿಗ್ಮೆಂಟ್ ಕಪ್ಪನ್ನು (ಬಣ್ಣದ ಸಣ್ಣ ಕಣಗಳಿರುವ ಕಪ್ಪು ಇಂಕನ್ನು) ಬಳಸುವ ಹಲವು ಯಂತ್ರಗಳು ಆಗ ಕಪ್ಪು ಟ್ಯಾಂಕನ್ನು ಬಿಟ್ಟು ಮೂರು ಬಣ್ಣಗಳನ್ನು ಬೆರೆಸಿಯೇ ಕಪ್ಪಕ್ಷರ ಮೂಡಿಸುತ್ತವೆ. ಆದ್ದರಿಂದ ಪಹಣಿಗೆ ಪ್ಲೇನ್ ಪೇಪರ್ ಮತ್ತು ಗ್ರೇಸ್ಕೇಲ್ (ಕಪ್ಪು ಬಿಳುಪು) ಎರಡನ್ನೂ ಆರಿಸಿಕೊಳ್ಳುವುದು ಒಳ್ಳೆಯದು.

ಸತತ ಕ್ಲೀನಿಂಗಿನಿಂದ ಗೆರೆ ಹೆಚ್ಚಾದದ್ದು ಅಚ್ಚರಿಯಲ್ಲ. ಪಂಪು ಜಗ್ಗಿದಾಗ ಇಂಕಿನೊಡನೆ ಗಾಳಿಗುಳ್ಳೆಗಳೂ ಒಳಸೇರಬಹುದು, ಅವು ಕರಗಲು ಯಂತ್ರಕ್ಕೆ ಬಿಡುವು ಬೇಕು. ಮೊದಲು ನಾಜಲ್‌ಗಳು ಕಟ್ಟಿವೆಯೇ ಎಂದು ತೋರಿಸುವ ನಾಜಲ್ ಚೆಕ್ ಹಾಳೆ ತೆಗೆಯಿರಿ, ಅದಕ್ಕೆ ತಗಲುವ ಇಂಕು ಅತ್ಯಲ್ಪ. ಅದರಲ್ಲಿ ಗೆರೆ ತುಂಡಾಗಿದ್ದರೆ ಮಾತ್ರ ಕ್ಲೀನಿಂಗ್ ಕೊಟ್ಟು ಮತ್ತೆ ಚೆಕ್ ಮಾಡಬೇಕು. ಮೂರು ಸುತ್ತಿನಲ್ಲೂ ಸರಿಹೋಗದಿದ್ದರೆ ಕನಿಷ್ಠ 12 ಗಂಟೆ ಮುದ್ರಿಸದೆ ಬಿಡಬೇಕೆಂದು ಎಪ್ಸನ್‌ನ ಹಲವು ಕೈಪಿಡಿಗಳು ಹೇಳುತ್ತವೆ. ಪವರ್ ಕ್ಲೀನಿಂಗ್ ಎಂಬ ಇನ್ನೊಂದು ಆಯ್ಕೆ ಟ್ಯಾಂಕಿನಿಂದ ಹೆಡ್ಡಿಗೆ ಇಂಕು ಒಯ್ಯುವ ಟ್ಯೂಬುಗಳೊಳಗಿನ ಇಂಕನ್ನೆಲ್ಲ ಬದಲಿಸುವಂಥದ್ದು; ಟ್ಯಾಂಕಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇಂಕಿರುವಾಗ ಅದಕ್ಕೆ ಕೈಹಾಕಲೇಬಾರದು.

ಡಬ್ಬಿಯ ಮೇಲಿನ ಪುಟಗಳ ಲೆಕ್ಕ ಸುಳ್ಳೇನಲ್ಲ, ಆದರೆ ಅದು ನಮ್ಮ ನಿಮ್ಮ ಬಳಕೆಯ ಲೆಕ್ಕವಲ್ಲ. ಅಂಥ ಅಂಕಿಗಳಿಗೆ ಆಧಾರವಾದ ಐಎಸ್‌ಒ 24711ರಂಥ ಅಂತರರಾಷ್ಟ್ರೀಯ ಮಾನಕ ವಿಧಾನಗಳಲ್ಲಿ ಗೊತ್ತುಪಡಿಸಿದ ಪುಟಗಳನ್ನು ಎಡೆಬಿಡದೆ ಮುದ್ರಿಸುತ್ತಾ ಹೋಗುತ್ತಾರೆ. ವಾರಕ್ಕೊಮ್ಮೆ ಎರಡು ಹಾಳೆ ತೆಗೆಯುವವರ ಮನೆಯಲ್ಲಿ ಪ್ರತಿ ಸಲದ ಆರಂಭಕ್ಕೂ ಹೋಗುವ ಇಂಕು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ಸಲ ತುಂಬಿದ ಇಂಕಿನಲ್ಲಂತೂ ಒಂದು ಪಾಲು ಟ್ಯೂಬುಗಳನ್ನು ತುಂಬುವುದಕ್ಕೇ ಖರ್ಚಾಗುತ್ತದೆ.

ಉತ್ತರ: ಜೆರಾಕ್ಸ್ ಅಂಗಡಿಯವನು, ಸಕಲೇಶಪುರ

ಹೀರಿದ ಇಂಕು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಉತ್ತರ ಉಳಿದಿದೆ. ಅದು ಯಂತ್ರದೊಳಗಿನ ವೇಸ್ಟ್ ಇಂಕ್ ಪ್ಯಾಡ್ ಎಂಬ ದಪ್ಪನೆಯ ಹೀರುಬಟ್ಟೆಗೆ ಸೇರುತ್ತದೆ. ಎಷ್ಟು ಇಂಕು ಅಲ್ಲಿಗೆ ಹೋಯಿತೆಂದು ಯಂತ್ರ ಎಣಿಸುತ್ತಲೇ ಇದ್ದು, ಮಿತಿ ಮುಟ್ಟಿದ ದಿನ ದೀಪ ಮಿಣುಕಿಸಿ ಮುದ್ರಣವನ್ನೇ ನಿಲ್ಲಿಸಿಬಿಡುತ್ತದೆ. ಪ್ಯಾಡ್ ಬದಲಿಸದೆ ಎಣಿಕೆಯನ್ನಷ್ಟೇ ಸೊನ್ನೆಗೆ ತರುವ ತಂತ್ರಾಂಶಗಳನ್ನು ಕೆಲವರು ನಂಬುತ್ತಾರೆ. ತುಂಬಿದ ಪ್ಯಾಡಿನಿಂದ ಸೋರಿದ ಇಂಕು ಮೇಜಿನ ಮರಕ್ಕೆ ಇಳಿದರೆ ಯಾವ ಸೋಪಿಗೂ ಹೋಗುವುದಿಲ್ಲ. ಆದ್ದರಿಂದ ಪ್ರತಿಯೊಂದು ಅನವಶ್ಯಕ ಕ್ಲೀನಿಂಗ್ ಇಂಕನ್ನಷ್ಟೇ ಅಲ್ಲ, ಪ್ಯಾಡಿನ ಆಯುಸ್ಸನ್ನೂ ತಿನ್ನುತ್ತದೆ.

ಕ್ಲೀನಿಂಗ್ ಕೊಟ್ಟರೂ ಗೆರೆ ಹೋಗದಿದ್ದಾಗ ನಾನು ಮೊದಲು ನೋಡುವುದು ಕ್ಯಾಪನ್ನು. ಹೆಡ್ ಮಧ್ಯಕ್ಕೆ ಬಂದಿರುವಾಗ ಟಾರ್ಚ್ ಹಿಡಿದರೆ ಅದರ ರಬ್ಬರ್ ಅಂಚಿನ ಸುತ್ತ ಒಣಗಿದ ಇಂಕು ಹಾಲಿನ ಕೆನೆಯಂತೆ ಪದರಗಟ್ಟಿರುವುದು ಕಾಣುತ್ತದೆ. ಅಂಚು ಹೆಡ್ಡಿಗೆ ಬಿಗಿಯಾಗಿ ಕೂರದಿದ್ದರೆ ಪಂಪು ಇಂಕಿನ ಬದಲು ಗಾಳಿಯನ್ನು ಎಳೆಯುತ್ತದೆ, ಸದ್ದು ಮಾತ್ರ ಎಂದಿನಂತೆ ಇರುತ್ತದೆ. ಪ್ಲಗ್ ತೆಗೆದ ಮೇಲೆ ಎಳೆ ಬಿಡದ ಬಟ್ಟೆಯನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ ಅಂಚನ್ನು ಮೃದುವಾಗಿ ಒರೆಸಬೇಕು. ಬ್ಯಾಟರಿಗೆ ಹಾಕುವ ಆ ನೀರು ಎಲ್ಲೆಡೆ ಸಿಗುತ್ತದೆ. ಹತ್ತಿ ಬೇಡ, ಅದರ ನಾರು ಅಲ್ಲಿಯೇ ಉಳಿಯುತ್ತದೆ.

ಮಲೆನಾಡಿನವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಬಿಚ್ಚಿಟ್ಟ ಕಾಗದ ತೇವ ಹೀರಿ ಅಕ್ಷರದ ಅಂಚು ಹರಡುತ್ತದೆ. ಅದು ಹೆಡ್ಡಿನ ದೋಷವಲ್ಲ, ಕ್ಲೀನಿಂಗಿನಿಂದ ಸರಿಯಾಗುವಂಥದ್ದೂ ಅಲ್ಲ.

ಉತ್ತರ: ಗಿರಿಶ್ರೇಣಿ, ಚಿಕ್ಕಮಗಳೂರು

ಇಷ್ಟೆಲ್ಲ ಉಪಚಾರಕ್ಕಿಂತ ಕಪ್ಪು ಬಿಳುಪಿನ ಲೇಸರ್ ಪ್ರಿಂಟರ್ ಕೊಳ್ಳುವುದೇ ಜಾಣತನವೆಂದು ನನ್ನ ಅಭಿಪ್ರಾಯ. ಟೋನರ್ ಪುಡಿಯಾದ್ದರಿಂದ ತಿಂಗಳುಗಟ್ಟಲೆ ಬಿಟ್ಟರೂ ಒಣಗುವ ಮಾತೇ ಇಲ್ಲ. ಅಪರೂಪದ ಬಣ್ಣದ ಚಿತ್ರವನ್ನು ಪೇಟೆಯಲ್ಲಿ ತೆಗೆಸಬಹುದು.

ಉತ್ತರ: ಹೇಮಾವತಿ ದಂಡೆ, ಹಾಸನ

ಒಣಗುವುದಿಲ್ಲವೆಂಬುದು ನಿಜ. ಆದರೆ ಲೇಸರ್ ಪ್ರಿಂಟರ್ ಟೋನರನ್ನು ಕಾಗದಕ್ಕೆ ಅಂಟಿಸುವ ಬಿಸಿ ಭಾಗವಾದ ಫ್ಯೂಸರನ್ನು ಕಾಯಿಸಲು ನೂರಾರು ವಾಟ್ ಎಳೆಯುವುದರಿಂದ ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಅದನ್ನು ಜೋಡಿಸುವಂತಿಲ್ಲ. ಮನೆಬಳಕೆಯ ಟ್ಯಾಂಕ್ ಪ್ರಿಂಟರಿಗೆ ಮುದ್ರಿಸುವಾಗಲೂ ಸಾಮಾನ್ಯವಾಗಿ ಹತ್ತು ಹದಿನೈದು ವಾಟ್ ಸಾಕಾಗುತ್ತದೆ. ಪದೇ ಪದೇ ಕರೆಂಟ್ ಹೋಗುವ ಊರಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಮಲೆಸೆರಗು, ಮೂಡಿಗೆರೆ

ಎಲ್ಲರಿಗೂ ಧನ್ಯವಾದಗಳು. ಕಾಗದದ ಬಗೆ ಫೋಟೋ ಪೇಪರ್ ಎಂದೇ ಇತ್ತು, ಈಗ ಬದಲಿಸಿದ್ದೇನೆ. ಸಿಡಿಲಿನ ದಿನಗಳಲ್ಲಿ ಪ್ಲಗ್ ಕೀಳದೆ ಇರಲು ಧೈರ್ಯ ಸಾಲದು, ಅದಕ್ಕೇನು ಮಾಡಬೇಕು?

ಉತ್ತರ: ಜೆರಾಕ್ಸ್ ಅಂಗಡಿಯವನು, ಸಕಲೇಶಪುರ

ಪ್ಲಗ್ ಧಾರಾಳವಾಗಿ ಕೀಳಿರಿ. ಅದಕ್ಕೆ ಮೊದಲು ಪ್ರಿಂಟರಿನ ಗುಂಡಿಯನ್ನೇ ಒತ್ತಿ, ಹೆಡ್ ಮೂಲೆಗೆ ಸರಿದ ಸದ್ದು ನಿಂತು ದೀಪ ಪೂರ್ತಿ ಆರುವವರೆಗೆ ಕಾಯಬೇಕು. ಯುಎಸ್‌ಬಿ ತಂತಿಯನ್ನೂ ಬಿಚ್ಚಿಡಿ, ಸಿಡಿಲಿನ ಹೊಡೆತ ಅದರ ಮೂಲಕವೂ ಬರಬಹುದು. ವಾರಕ್ಕೊಮ್ಮೆ ಬಟವಾಡೆ ಪಟ್ಟಿ ತೆಗೆಯುವಾಗ ಅದರ ತಲೆಬರಹವೊಂದನ್ನು ನಾಲ್ಕು ಬಣ್ಣದಲ್ಲಿ ಮುದ್ರಿಸಿದರೆ ಬಣ್ಣದ ನಾಜಲ್‌ಗಳೂ ಒಣಗದೆ ಉಳಿಯುತ್ತವೆ.