ಸೆಟ್ ಟಾಪ್ ಬಾಕ್ಸ್, ವಿಸಿಆರ್, ಡಿವಿಡಿ ರೆಕಾರ್ಡರ್ ಮೂರನ್ನೂ ಒಂದೇ ಟಿವಿಗೆ ಹಾಕೋದು ಹೆಂಗೆ? ಕ್ಯಾಸೆಟ್ ಹಾಕಿದ್ರೆ ಕಪ್ಪುಬಿಳುಪು ಬರ್ತಿದೆ

ಕ್ಯಾಸೆಟ್‌ಪೆಟ್ಟಿಗೆ:

ನಮಸ್ಕಾರ ಎಲ್ರಿಗೂ. ಎರಡು ದಿನದಿಂದ ಟಿವಿ ಹಿಂದೆ ಬಗ್ಗಿ ಬಗ್ಗಿ ಸೊಂಟ ಹಿಡ್ಕೊಂಡಿದೆ, ಇನ್ನು ನಿಮ್ಮನ್ನೇ ಕೇಳೋಣ ಅಂತ ಬಂದೆ. ನನ್ನ ಹತ್ರ ಇರೋದು ಒಂದು ಎಲ್‌ಇಡಿ ಟಿವಿ, ಸೆಟ್ ಟಾಪ್ ಬಾಕ್ಸ್, ಅಪ್ಪನ ಕಾಲದ ವಿಸಿಆರ್, ಆಮೇಲೆ ನೆಂಟರೊಬ್ರು ಬೇಡ ಅಂತ ಕೊಟ್ಟ ಡಿವಿಡಿ ರೆಕಾರ್ಡರ್ (ಬರೀ ಪ್ಲೇಯರ್ ಅಲ್ಲ, ರೆಕಾರ್ಡೂ ಆಗುತ್ತೆ, ಮ್ಯಾನುಯಲ್ ಮಾತ್ರ ಇಲ್ಲ).

ಆಗ್ಬೇಕಾಗಿರೋ ಕೆಲ್ಸ ಎರಡು. ಮನೆ ವಿಡಿಯೋ ಕ್ಯಾಸೆಟ್ ಹನ್ನೊಂದಿವೆ, ಅವನ್ನ ಡಿಸ್ಕ್‌ಗೆ ಹಾಕ್ಬೇಕು. ಅದ್ರಲ್ಲಿ ಒಂದ್ರಲ್ಲಿ ಅಪ್ಪ ಕ್ಯಾಮೆರಾ ಹಿಡ್ಕೊಂಡು ಹಿಂದಿಂದ "ಇತ್ಲಾಗ್ ನೋಡೋ" ಅಂತ ಕೂಗೋದು ಕೇಳುತ್ತೆ, ಅದೊಂದು ಉಳಿದ್ರೆ ಸಾಕು ನಂಗೆ. ಇನ್ನೊಂದು, ರಾತ್ರಿ ಬರೋ ಕಾರ್ಯಕ್ರಮ ರೆಕಾರ್ಡ್ ಮಾಡಿಟ್ಟು ಬೆಳಿಗ್ಗೆ ನೋಡ್ಬೇಕು.

ನಾನು ಮಾಡಿದ್ದು: ಸೆಟ್ ಟಾಪ್ ಬಾಕ್ಸ್‌ನಿಂದ ಎಚ್‌ಡಿಎಂಐ ತೆಗೆದು ರೆಕಾರ್ಡರ್ ಹಿಂದೆ ಇದ್ದ ಎಚ್‌ಡಿಎಂಐ ತೂತಿಗೆ ಹಾಕಿದೆ, ಏನೂ ಬರ್ಲಿಲ್ಲ. ವಿಸಿಆರ್‌ನ ಹಳದಿ ಕೆಂಪು ಬಿಳಿ ಟಿವಿಗೆ ಹಾಕೋಣ ಅಂದ್ರೆ ಟಿವಿಲಿ ಹಳದಿ ತೂತೇ ಇಲ್ಲ, ಹಸಿರು ನೀಲಿ ಕೆಂಪು ಬಿಳಿ ಕೆಂಪು ಅಂತ ಐದಿವೆ. ಹಸಿರಿನ ಪಕ್ಕ ವಿಡಿಯೋ ಅಂತ ಬರೆದಿತ್ತು, ಹಳದೀನ ಅಲ್ಲೇ ತುರುಕಿದೆ. ಚಿತ್ರ ಬಂತು, ಆದ್ರೆ ಕಪ್ಪುಬಿಳುಪು, ಮೇಲೆಲ್ಲಾ ಸಣ್ಣ ಸಣ್ಣ ಚುಕ್ಕೆ, ಶಬ್ದ ಎಡಗಡೆ ಸ್ಪೀಕರ್‌ನಲ್ಲಿ ಮಾತ್ರ. ವಿಸಿಆರ್ ಕೆಟ್ಟಿದ್ಯಾ ಇಲ್ಲಾ ನನ್ ತಲೆ ಕೆಟ್ಟಿದ್ಯಾ?

ದಿಢೀರ್‌ಜವಾಬು:

ಅಷ್ಟೆಲ್ಲಾ ಯಾಕ್ ಗುರು, ಎಲ್ಲಾ ಗುಜರಿಗೆ ಹಾಕಿ ಇಂಟರ್ನೆಟ್‌ನಲ್ಲಿ ನೋಡು.

ಕ್ಯಾಸೆಟ್‌ಪೆಟ್ಟಿಗೆ:

ನಮ್ಮಪ್ಪನ ದನಿ ಯಾವ ಇಂಟರ್ನೆಟ್‌ನಲ್ಲಿದೆ ಹೇಳಪ್ಪ, ನೋಡ್ತೀನಿ.

ವೈರ್‌ಗೋಜಲು:

ವಿಸಿಆರ್ ಕೆಟ್ಟಿಲ್ಲ ಸರ್, ನಿಮ್ ತಲೇನೂ ನೆಟ್ಟಗಿದೆ, ಎರಡು ಕೆಂಪು ತೂತು ಸೇರಿ ನಿಮ್ಮನ್ನ ಯಾಮಾರಿಸಿವೆ. ಹಸಿರು ನೀಲಿ ಕೆಂಪು ಈ ಮೂರೂ ಕಾಂಪೊನೆಂಟ್ ಅಂತ, ಬರೀ ಚಿತ್ರಕ್ಕೆ. ಬಿಳಿ ಪಕ್ಕ ಇರೋ ಇನ್ನೊಂದು ಕೆಂಪು ಶಬ್ದಕ್ಕೆ. ನೀವು ಶಬ್ದದ ಕೆಂಪು ಪಿನ್ ತಗೊಂಡು ಚಿತ್ರದ ಕೆಂಪಿಗೆ ಹಾಕಿರ್ತೀರ, ಅದಕ್ಕೇ ಬಲಗಡೆ ಸ್ಪೀಕರ್ ಮೂಗ.

ಬಣ್ಣ ಯಾಕಿಲ್ಲ ಅಂದ್ರೆ, ಹಳದಿ ವೈರ್‌ನಲ್ಲಿ ಬೆಳಕು ಬಣ್ಣ ಎರಡೂ ಒಟ್ಟಿಗೆ ಕಲಸಿಕೊಂಡು ಬರುತ್ತೆ. ಕಾಂಪೊನೆಂಟ್‌ನಲ್ಲಿ ಹಂಗಲ್ಲ, ಹಸಿರಿನಲ್ಲಿ ಬೆಳಕು, ಬಣ್ಣದ ಲೆಕ್ಕ ನೀಲಿ ಕೆಂಪಿನಲ್ಲಿ. ಟಿವಿ ಈಗ ಕಾಂಪೊನೆಂಟ್ ಅಂತ ತಿಳ್ಕೊಂಡು ಹಸಿರಿಂದ ಬೆಳಕು ಮಾತ್ರ ತಗೊಂಡು ಬಣ್ಣ ಬೇರೆ ಕಡೆಯಿಂದ ಬರುತ್ತೆ ಅಂತ ಕಾಯ್ತಾ ಕೂತಿದೆ. ಆ ಚುಕ್ಕೆ ಇದ್ಯಲ್ಲ, ಅದೇ ನಿಮ್ಮ ಬಣ್ಣ, ಬಿಡಿಸಿಕೊಳ್ಳೋರಿಲ್ದೆ ಹಂಗೇ ಪರದೆ ಮೇಲೆ ಓಡಾಡ್ತಿದೆ. ಕೆಂಪು ಪಿನ್ ಸರಿಯಾದ ಕಡೆ ಹಾಕಿ, ರಿಮೋಟ್‌ನಲ್ಲಿ ಸೋರ್ಸ್ ಒತ್ತಿ ಕಾಂಪೊನೆಂಟ್ ಬಿಟ್ಟು ಎವಿ (ಹಳದಿ ಕೆಂಪು ಬಿಳಿ ವೈರ್‌ದು) ಅನ್ನೋದನ್ನ ಆರಿಸಿ. ಆಗ್ಲೂ ಬಣ್ಣ ಬರ್ಲಿಲ್ಲ ಅಂದ್ರೆ ಪಾಲ್, ಎನ್‌ಟಿಎಸ್‌ಸಿ (ಬೇರೆ ಬೇರೆ ದೇಶದ ಟಿವಿ ಬಣ್ಣದ ಪದ್ಧತಿಗಳು) ಸೆಟ್ಟಿಂಗ್ ನೋಡ್ಬೇಕು, ಆದ್ರೆ ಅಲ್ಲಿವರೆಗೂ ಹೋಗಲ್ಲ ಅನ್ಸುತ್ತೆ.

ಇನ್ನು ರೆಕಾರ್ಡರ್‌ನ ಎಚ್‌ಡಿಎಂಐ. ಟಾರ್ಚ್ ಹಿಡಿದು ಅದರ ಪಕ್ಕ ಏನ್ ಬರೆದಿದೆ ನೋಡಿ, ಔಟ್ ಅಂತಿರುತ್ತೆ. ಇನ್ ಇರೋ ಡಿವಿಡಿ ರೆಕಾರ್ಡರ್ ನಾನಂತೂ ಮನೆಗಳಲ್ಲಿ ನೋಡಿಲ್ಲ. ನೀವು ಎರಡು ನಲ್ಲಿ ಬಾಯಿಗೆ ಬಾಯಿ ಇಟ್ಟು ಪೈಪ್ ಕಟ್ಟಿದ್ರಿ, ನೀರು ಎಲ್ಲಿಗೆ ಹೋಗ್ಬೇಕು ಹೇಳಿ.

ತಂತಿಮಾಮ:

ವೈರ್‌ಗೋಜಲು ಹೇಳಿದ್ದು ಸರಿ, ಆದ್ರೆ ನಾನಾದ್ರೆ ವಿಸಿಆರ್‌ನ ಟಿವಿಗೆ ಹಾಕೋದೇ ಇಲ್ಲ. ಯಾವುದು ರೆಕಾರ್ಡ್ ಆಗ್ಬೇಕೋ ಅದೆಲ್ಲಾ ರೆಕಾರ್ಡರ್ ಹೊಟ್ಟೆ ಒಳಗಿಂದಾನೇ ಟಿವಿಗೆ ಹೋಗ್ಲಿ, ಆಗ ಟಿವಿಲಿ ಏನ್ ಕಾಣುತ್ತೋ ಅದೇ ಡಿಸ್ಕ್‌ಗೂ ಬೀಳುತ್ತೆ, ಅನುಮಾನವೇ ಇರಲ್ಲ.

ಅಂದ್ರೆ ವಿಸಿಆರ್ ಔಟ್‌ನಿಂದ ಹಳದಿ ಕೆಂಪು ಬಿಳಿ ತಗೊಂಡು ರೆಕಾರ್ಡರ್ ಮುಂದೆ ಸಣ್ಣ ಮುಚ್ಚಳ ತೆಗೆದ್ರೆ ಮೂರು ತೂತಿರುತ್ತೆ ನೋಡಿ, ಅಲ್ಲಿಗೆ. ಸೆಟ್ ಟಾಪ್ ಬಾಕ್ಸ್‌ನ ಎವಿ ಔಟ್‌ನಿಂದ ರೆಕಾರ್ಡರ್ ಹಿಂದಿನ ಇನ್‌ಗೆ. ರೆಕಾರ್ಡರ್‌ನ ಎಚ್‌ಡಿಎಂಐ ಔಟ್ ಟಿವಿಯ ಎರಡನೇ ಎಚ್‌ಡಿಎಂಐಗೆ. ಸೆಟ್ ಟಾಪ್ ಬಾಕ್ಸ್‌ನ ಎಚ್‌ಡಿಎಂಐ ಮೊದಲಿನ ಹಂಗೇ ನೇರ ಟಿವಿಗೆ ಇರ್ಲಿ, ದಿನಾ ನೋಡೋದಕ್ಕೆ ಅದೇ ಚೆನ್ನ, ಯಾಕಂದ್ರೆ ಎವಿ ವೈರ್‌ನಲ್ಲಿ ಎಚ್‌ಡಿ ಬರಲ್ಲ, ನಮ್ಮ ಕಡೆಯ ಪಾಲ್ ಪದ್ಧತಿಲಿ ಚಿತ್ರಕ್ಕೆ 576 ಗೆರೆ ಅಷ್ಟೇ. ಎಚ್‌ಡಿಎಂಐನಿಂದಾನೇ ರೆಕಾರ್ಡ್ ಮಾಡೋ ಆಸೆ ಬಿಡಿ, ಅದರಲ್ಲಿ ಎಚ್‌ಡಿಸಿಪಿ ಅಂತ ನಕಲು ತಡೆಯೋ ಬೀಗ ಇರುತ್ತೆ. ಎವಿಲೂ ಕೆಲವು ಚಾನೆಲ್ ರೆಕಾರ್ಡ್ ಆಗಕ್ಕೆ ಬಿಡ್ದೇ ಇರಬಹುದು, ಆಗ ರೆಕಾರ್ಡರ್ ಪರದೆ ಮೇಲೆ ಬರೆದು ನಿಂತ್ಬಿಡುತ್ತೆ, ಅದು ವೈರ್ ತಪ್ಪಲ್ಲ. ನಿಮ್ಮ ಮನೆ ಕ್ಯಾಸೆಟ್‌ಗೆ ಈ ಯಾವ ಕಾಟವೂ ಇಲ್ಲ.

ರಾತ್ರಿ ರೆಕಾರ್ಡಿಂಗ್‌ಗೆ ಒಂದು ಮಾತು. ರೆಕಾರ್ಡರ್‌ಗೆ ಟೈಮರ್ ಇಟ್ರೆ ಸಾಲ್ದು, ಸೆಟ್ ಟಾಪ್ ಬಾಕ್ಸ್ ಆನ್ ಇರ್ಬೇಕು, ಅದೇ ಚಾನೆಲ್ ಮೇಲೆ ಇರ್ಬೇಕು. ಮಧ್ಯದಲ್ಲಿ ಯಾರಾದ್ರೂ ಚಾನೆಲ್ ತಿರುಗಿಸಿದ್ರೆ ಡಿಸ್ಕ್‌ನಲ್ಲೂ ತಿರುಗುತ್ತೆ. ನಮ್ಮನೇಲಿ ಒಂದ್ಸಲ ಫೈನಲ್ ಮ್ಯಾಚ್‌ನ ಕೊನೇ ಅರ್ಧ ಗಂಟೆ ಬದಲು ಧಾರಾವಾಹಿ ಅಳು ರೆಕಾರ್ಡ್ ಆಗಿತ್ತು, ಯಾರ್ ಮಾಡಿದ್ದು ಅಂತ ಇವತ್ತಿಗೂ ಯಾರೂ ಒಪ್ಕೊಂಡಿಲ್ಲ.

ಹಳೇರೀಲು:

ಕ್ಯಾಸೆಟ್ ವಿಷ್ಯ ಯಾರೂ ಹೇಳ್ಲಿಲ್ವಲ್ಲ. ಹಾಕೋಕ್ ಮುಂಚೆ ಪ್ರತಿ ಕ್ಯಾಸೆಟ್‌ನ ಹಿಂಬದಿ ಎಡ ಮೂಲೇಲಿ ಒಂದು ಸಣ್ಣ ಪ್ಲಾಸ್ಟಿಕ್ ಚೂರು ಇದ್ಯಾ ನೋಡಿ, ಇದ್ರೆ ಸ್ಕ್ರೂಡ್ರೈವರ್‌ನಲ್ಲಿ ಮುರಿದು ತೆಗೀರಿ. ಅದು ಇದ್ದಾಗ ವಿಸಿಆರ್‌ನಲ್ಲಿ ಕೈತಪ್ಪಿ ರೆಕ್ ಒತ್ತಿದ್ರೆ ಅಪ್ಪನ ದನಿ ಮೇಲೆ ಖಾಲಿ ಬೀಳುತ್ತೆ. ಚೂರು ಮುರಿದ ಮೇಲೆ ವಿಸಿಆರ್ ರೆಕಾರ್ಡ್ ಮಾಡೋಕೇ ಒಪ್ಪಲ್ಲ.

ಕಿಟಕಿ ಒಳಗೆ ಟೇಪ್ ಸುರುಳಿ ಮೇಲೆ ಬಿಳಿ ಪುಡಿ ತರ ಕಂಡ್ರೆ ಅದು ಬೂಷ್ಟು, ಆ ಕ್ಯಾಸೆಟ್ ಮಾತ್ರ ಹಾಕ್ಬೇಡಿ, ವಿಸಿಆರ್ ಒಳಗೆ ಟೇಪ್ ಓದೋ ಹೆಡ್‌ಗೆ ಅಂಟಿ ಮಿಕ್ಕ ಹತ್ತಕ್ಕೂ ಹರಡುತ್ತೆ. ಚೆನ್ನಾಗಿರೋದನ್ನ ಒಂದ್ಸಲ ಪೂರ್ತಿ ಮುಂದಕ್ಕೆ ಓಡಿಸಿ, ಪೂರ್ತಿ ಹಿಂದಕ್ಕೆ ಸುತ್ತಿ, ಆಮೇಲೆ ಪ್ಲೇ ಮಾಡಿ, ವರ್ಷಗಟ್ಲೆ ಕೂತ ಟೇಪ್ ಒಂದಕ್ಕೊಂದು ಅಂಟಿರುತ್ತೆ. ಅಪ್ಪನ ಕ್ಯಾಸೆಟ್‌ನ ಮೊದ್ಲು ಹಾಕ್ಬೇಡಿ, ಹೋದ್ರೂ ಪರವಾಗಿಲ್ಲ ಅನ್ನೋದು ಒಂದು ಹಾಕಿ ವಿಸಿಆರ್ ಟೇಪ್ ತಿನ್ನುತ್ತಾ ನೋಡ್ಕೊಳ್ಳಿ. ಇನ್ನೊಂದು ವಿಸಿಆರ್ ಸಿಗೋದು ಕಷ್ಟ, ಕೊನೇವರೆಗೂ ವಿಸಿಆರ್ ಮಾಡ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ನಿಲ್ಲಿಸಿದ ಮೇಲೆ ಹೊಸದು ತಯಾರಾಗ್ತಿಲ್ಲ.

ಕ್ಯಾಸೆಟ್‌ಪೆಟ್ಟಿಗೆ:

ಎಲ್ರಿಗೂ ಕೈ ಮುಗಿದೆ. ಎಚ್‌ಡಿಎಂಐ ಪಕ್ಕ ಔಟ್ ಅಂತಾನೇ ಇತ್ತು, ಧೂಳು ಒರೆಸಿದ ಮೇಲೆ ಕಾಣಿಸ್ತು 😅 ವಿಸಿಆರ್ ಈಗ ಬಣ್ಣದಲ್ಲಿ ಬರ್ತಿದೆ, ಎರಡೂ ಸ್ಪೀಕರ್ ಮಾತಾಡ್ತಿವೆ. ಆದ್ರೆ ಸೆಟ್ ಟಾಪ್ ಬಾಕ್ಸ್ ಕಡೆಯಿಂದ ರೆಕಾರ್ಡರ್‌ಗೆ ಚಿತ್ರ ಇಲ್ಲ, ಗುಂಯ್ ಅಂತ ಜೋರು ಸದ್ದು ಬಲಗಡೆಯಿಂದ. ಬಾಕ್ಸ್‌ನಲ್ಲಿ ಹೆಡ್‌ಫೋನ್ ತರದ ಒಂದೇ ಸಣ್ಣ ತೂತಿದೆ, ಅದಕ್ಕೆ ನಮ್ಮ ಹಳೇ ಹ್ಯಾಂಡಿಕ್ಯಾಮ್ ಜೊತೆ ಬಂದಿದ್ದ ವೈರ್ ಹಾಕಿದೀನಿ, ಸರಿಯಾಗಿ ಕೂರುತ್ತೆ.

ತಂತಿಮಾಮ:

ಕೂರೋದು ಕೂರುತ್ತೆ, ಆ 3.5 ಎಂಎಂ ಪಿನ್ ಎಲ್ಲಾ ಒಂದೇ ಅಳತೆ, ಪಿನ್ ಮೇಲಿನ ಯಾವ ಉಂಗುರದಲ್ಲಿ ಚಿತ್ರ, ಯಾವುದ್ರಲ್ಲಿ ಶಬ್ದ ಅನ್ನೋ ಲೆಕ್ಕ ಮಾತ್ರ ಒಂದೊಂದು ಕಂಪನಿದು ಒಂದೊಂದು ತರ. ಗುಂಯ್ ಅಂತಿರೋದೇ ನಿಮ್ಮ ಚಿತ್ರ, ಶಬ್ದದ ತೂತಿಗೆ ಬಂದು ಕಿರುಚ್ತಿದೆ. ಬಣ್ಣ ಮರೆತು, ಕೆಂಪು ಪಿನ್ ಕಿತ್ತು ಹಳದಿ ತೂತಿಗೆ ಹಾಕಿ, ಹಳದೀನ ಕೆಂಪಿಗೆ. ಏನೂ ಸುಟ್ಟೋಗಲ್ಲ, ವಾಲ್ಯೂಮ್ ಮಾತ್ರ ತಗ್ಗಿಸ್ಕೊಳ್ಳಿ. ಆಗ್ಲೂ ಬರ್ಲಿಲ್ಲ ಅಂದ್ರೆ ಆ ಬಾಕ್ಸ್‌ಗೆ ಅಂತಾನೇ ಕೊಡೋ ವೈರ್ ಬೇಕು.

ಕ್ಯಾಸೆಟ್‌ಪೆಟ್ಟಿಗೆ:

ಅಯ್ಯೋ ಬಂತು ಮಾಮ! ಕೆಂಪು ಹಳದಿಗೆ ಹಾಕಿದ ತಕ್ಷಣ ಬಂತು. ಇನ್ನೊಂದೇ ಪ್ರಶ್ನೆ. ಒಂದು ಕ್ಯಾಸೆಟ್ ಡಿಸ್ಕ್‌ಗೆ ಹಾಕಿದೆ, ಇಲ್ಲಿ ಓಡ್ತಿದೆ, ಅಕ್ಕನ ಮನೆ ಪ್ಲೇಯರ್‌ನಲ್ಲಿ ಡಿಸ್ಕ್ ಇಲ್ಲ ಅಂತ ತೋರಿಸ್ತಿದೆಯಂತೆ. ಜೊತೆಗೆ ಮೂರು ಗಂಟೆ ಕ್ಯಾಸೆಟ್ ಅರ್ಧಕ್ಕೇ ನಿಂತೋಯ್ತು.

ವೈರ್‌ಗೋಜಲು:

ರೆಕಾರ್ಡರ್ ಮೆನುಲಿ ಫೈನಲೈಸ್ (ಡಿಸ್ಕ್ ಮುಗಿಸಿ ಮುಚ್ಚೋದು) ಅಂತಿದೆ, ಅದು ಮಾಡ್ದೆ ಬೇರೆ ಪ್ಲೇಯರ್ ಓದಲ್ಲ. ಮಾಡಿದ ಮೇಲೆ ಡಿವಿಡಿ-ಆರ್ (ಒಂದೇ ಸಲ ಬರೆಯೋ ಡಿಸ್ಕ್) ಆದ್ರೆ ಅದಕ್ಕೆ ಇನ್ನೇನೂ ಸೇರಿಸೋಕಾಗಲ್ಲ, ಹಾಗಾಗಿ ಪೂರ್ತಿ ತುಂಬಿಸಿ ಆಮೇಲೆ ಮಾಡಿ, ಆಗ್ತಿರೋವಾಗ ಪ್ಲಗ್ ಕೀಳ್ಬೇಡಿ. ಎಸ್‌ಪಿ (ಮಾಮೂಲಿ ಗುಣಮಟ್ಟದ) ಮೋಡ್‌ನಲ್ಲಿ 4.7 ಜಿಬಿ ಡಿಸ್ಕ್‌ಗೆ ಎರಡು ಗಂಟೆ ಹಿಡಿಸುತ್ತೆ, ನಿಮ್ಮ ಮೂರು ಗಂಟೆ ಕ್ಯಾಸೆಟ್ ಅಂದ್ರೆ ಇ-180, 180 ನಿಮಿಷ. ಎಲ್‌ಪಿ (ಜಾಸ್ತಿ ಹೊತ್ತಿನ) ಮೋಡ್‌ಗೆ ಹಾಕಿದ್ರೆ ನಾಲ್ಕು ಗಂಟೆ ಹಿಡಿಸುತ್ತೆ ಆದ್ರೆ ಚಿತ್ರ ಮಸುಕು. ಎರಡು ಡಿಸ್ಕ್ ಮಾಡಿ ಸರ್, ಜಿಪುಣತನ ಬೇಡ.

ಕ್ಯಾಸೆಟ್‌ಪೆಟ್ಟಿಗೆ:

ಎರಡೆರಡು ಡಿಸ್ಕೇ ಮಾಡ್ತಿದೀನಿ. ಪ್ಲಾಸ್ಟಿಕ್ ಚೂರು ಮುರಿಯೋಕೆ ಕೂತೆ, ಅಪ್ಪ ಹತ್ತು ಕ್ಯಾಸೆಟ್‌ದು ಆಗ್ಲೇ ಮುರಿದಿಟ್ಟಿದ್ರು. ಹನ್ನೊಂದನೇದು ಖಾಲಿ, ಇನ್ನೂ ಪ್ಲಾಸ್ಟಿಕ್ ಕವರ್ ಬಿಚ್ಚಿಲ್ಲ.