ಉಪನಗರ ರೈಲು ರಾಜಾನುಕುಂಟೆಗೆ ಮುಗಿದರೆ, ಅದರಾಚೆಯ ಹಳ್ಳಿಗಳು ಇಪ್ಪತ್ತು ವರ್ಷದ ಸಾರಿಗೆ ಯೋಜನೆಯಲ್ಲಿ ದನಿ ಎತ್ತುವುದು ಹೇಗೆ?

ಪ್ರಶ್ನೆ (ಗ್ರಾಮ ಪಂಚಾಯಿತಿ ಸದಸ್ಯ, ದೊಡ್ಡಬಳ್ಳಾಪುರ ತಾಲ್ಲೂಕು):
ಎಲ್ಲರಿಗೂ ನಮಸ್ಕಾರ. ಕೇಂದ್ರ ಸಚಿವ ಸಂಪುಟ 2020ರಲ್ಲಿ ಒಪ್ಪಿದ 148 ಕಿ.ಮೀ. ಉದ್ದದ ಬೆಂಗಳೂರು ಉಪನಗರ ರೈಲು ಯೋಜನೆಯಲ್ಲಿ ಹೀಲಲಿಗೆಯಿಂದ ಹೊರಡುವ ‘ಕನಕ’ ಮಾರ್ಗ ರಾಜಾನುಕುಂಟೆಯಲ್ಲಿ ಮುಗಿಯುತ್ತದೆ. ಈಗಿರುವ ರೈಲು ಹಳಿಯಲ್ಲಿ ದೊಡ್ಡಬಳ್ಳಾಪುರ ಅಲ್ಲಿಂದ ಮುಂದಿನ ಊರೇ ಆದರೂ, ನಮ್ಮ ಹಳ್ಳಿಗಳಿಂದ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಯಲಹಂಕದ ಕಾಲೇಜಿಗೆ ಹೋಗುವ ಮಕ್ಕಳು ಬೆಳಗಿನ ಒಂದೇ ಬಸ್ಸನ್ನು ನಂಬಿಕೊಂಡಿದ್ದಾರೆ. ಮುಂದಿನ ಯೋಜನೆ ಸಿದ್ಧವಾಗುವಾಗ ನಮ್ಮ ಮಾತನ್ನು ಯಾರ ಮುಂದೆ, ಯಾವ ಹಂತದಲ್ಲಿ ಇಡಬೇಕು? ಮನವಿ ಪತ್ರ ಕೊಟ್ಟು ಫೋಟೊ ತೆಗೆಸಿಕೊಳ್ಳುವುದರಿಂದ ಏನೂ ಆಗದೆಂಬುದು ಈಗಾಗಲೇ ತಿಳಿದಿದೆ.

ಉತ್ತರ 1:
ಸಂವಿಧಾನದ 74ನೇ ತಿದ್ದುಪಡಿಯ ಮೂಲಕ ಬಂದ ಜಿಲ್ಲಾ ಯೋಜನಾ ಸಮಿತಿಯಿಂದ ಆರಂಭಿಸಿ ಎಂದು ನನ್ನ ಸಲಹೆ. ಅದರ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ಕಡಿಮೆಯಿಲ್ಲದಷ್ಟು ಮಂದಿ, ಜಿಲ್ಲಾ ಪಂಚಾಯಿತಿ ಮತ್ತು ಪುರಸಭೆ-ನಗರಸಭೆಗಳ ಚುನಾಯಿತ ಸದಸ್ಯರು ತಮ್ಮೊಳಗಿನಿಂದಲೇ ಆರಿಸಿದವರಾಗಿರಬೇಕು. ಊರು ಮತ್ತು ಹಳ್ಳಿಗಳಿಗೆ ಸಮಾನವಾಗಿ ಸಂಬಂಧಿಸಿದ ಸ್ಥಳ ಯೋಜನೆ, ಮೂಲಸೌಕರ್ಯಗಳನ್ನು ಅದು ಗಮನಕ್ಕೆ ತೆಗೆದುಕೊಳ್ಳಲೇಬೇಕು. ಗ್ರಾಮಸಭೆಯಲ್ಲಿ ಠರಾವು ಮಾಡಿ, ಅದನ್ನು ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ದಾಖಲೆಗೆ ಸೇರಿಸಿದರೆ ಅದು ಒಬ್ಬ ಸದಸ್ಯನ ಮನವಿಯಾಗಿ ಉಳಿಯುವುದಿಲ್ಲ. ಇದರ ಜೊತೆಗೆ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ನಿಮ್ಮ ಭಾಗದ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡು ಪ್ರಕಟವಾದಾಗ, ಆಕ್ಷೇಪಣೆಯ ಅವಧಿ ಮುಗಿಯುವ ಮೊದಲೇ ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ರೈಲು ನಿಲ್ದಾಣ ಎಲ್ಲಿ ಬರಬೇಕೆಂಬ ಚರ್ಚೆಗೂ ಮೊದಲು, ಯಾವ ಜಮೀನು ಬಡಾವಣೆಯಾಗುತ್ತದೆ, ಯಾವುದು ಕೈಗಾರಿಕೆಗೆ ಹೋಗುತ್ತದೆ ಎಂಬುದನ್ನು ಆ ನಕ್ಷೆಯೇ ತೀರ್ಮಾನಿಸುತ್ತದೆ. ಜನ ಎಲ್ಲಿಂದ ಎಲ್ಲಿಗೆ ಓಡಾಡುತ್ತಾರೆಂಬುದು ಅಲ್ಲಿಯೇ ನಿಗದಿಯಾಗಿಬಿಡುತ್ತದೆ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಆದರೆ ನಕ್ಷೆಯ ಮೇಲೆ ಗೆರೆ ಬೀಳುವುದೇ ಗೆಲುವೆಂದು ದಯವಿಟ್ಟು ತಿಳಿಯಬೇಡಿ. ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಗಾಗಿ (ಈಗಿರುವ ಹೊರವರ್ತುಲ ರಸ್ತೆಯಲ್ಲ, ಅದರಾಚೆಗೆ ಯೋಜಿಸಿದ್ದು) 2007ರಲ್ಲಿ ಭೂಸ್ವಾಧೀನದ ಅಂತಿಮ ಅಧಿಸೂಚನೆ ಹೊರಟಿತು. ರಸ್ತೆ ಬರಲಿಲ್ಲ, ಗೆರೆಯೊಳಗಿನ ಜಮೀನಿನವರು ಮಾತ್ರ ಮಾರಲೂ ಆಗದೆ, ಮನೆ ಕಟ್ಟಲೂ ಆಗದೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಕಾದರು. ದೀರ್ಘಾವಧಿ ಯೋಜನೆಯ ಈ ಮುಖವನ್ನು ನೆನೆದರೆ ನನಗೆ ನಿಜವಾಗಿಯೂ ನೋವಾಗುತ್ತದೆ. ನಿಮ್ಮ ಠರಾವಿನಲ್ಲಿ, ಹಣ ಎಲ್ಲಿಂದ ಬರುತ್ತದೆ, ಇಂತಿಷ್ಟು ವರ್ಷದೊಳಗೆ ಕೆಲಸ ಆರಂಭವಾಗದಿದ್ದರೆ ಜಮೀನನ್ನು ಬಿಟ್ಟುಕೊಡುತ್ತಾರೆಯೇ ಎಂಬ ಪ್ರಶ್ನೆಗಳಿರಲಿ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೂಲಕ ಹೊಸಕೋಟೆಗೆ ಹೋಗುವ ಉಪನಗರ ವರ್ತುಲ ಹೆದ್ದಾರಿಯಂಥ ರಸ್ತೆಗಳ ವಿಷಯದಲ್ಲಿ, ಹೊಲ ಒಂದು ಕಡೆ ಮನೆ ಇನ್ನೊಂದು ಕಡೆ ಆಗುವ ರೈತರಿಗೆ ಕೆಳಸೇತುವೆಯನ್ನೂ ಸರ್ವಿಸ್ ರಸ್ತೆಯನ್ನೂ ಕರಡಿನ ಹಂತದಲ್ಲಿಯೇ ಕೇಳಬೇಕು, ಡಾಂಬರು ಬಿದ್ದ ಮೇಲೆ ಕೇಳಿದರೆ ಬಹಳ ತಡವಾಗುತ್ತದೆ.

ಉತ್ತರ 3:
ನಾನು ಸಾರಿಗೆ ಯೋಜನೆಯ ಸಮೀಕ್ಷೆಗಳಲ್ಲಿ ಕೆಲಸ ಮಾಡಿದ್ದೇನೆ. ಯೋಜಕರ ಮೇಜಿನ ಮೇಲೆ ಅಂಕಿಗೆ ಇರುವ ಬೆಲೆ ಅಹವಾಲಿಗೆ ಇರುವುದಿಲ್ಲ. ಸಾಧಾರಣ ವಾರದ ಮೂರು ದಿನ, ಬೆಳಗ್ಗೆ ಐದೂವರೆಯಿಂದ ಹತ್ತರವರೆಗೆ, ನಿಮ್ಮ ಊರಿನ ಬಸ್ ನಿಲ್ದಾಣದಲ್ಲಿ ಇಬ್ಬರನ್ನು ಕೂರಿಸಿ: ಯಾರು, ಎಲ್ಲಿಗೆ, ಎಷ್ಟು ಹೊತ್ತು ಕಾದರು, ಬಸ್ಸು ಹತ್ತಿದರೇ ಅಥವಾ ಕಾರ್ಖಾನೆಯ ವ್ಯಾನ್, ಆಟೊ ಹಿಡಿದರೇ ಎಂದು ಬರೆಸಿ. ಬಸ್ಸಿಲ್ಲವೆಂದು ಕಾಲೇಜು ಬಿಟ್ಟ ಹುಡುಗಿಯರು ನಿಲ್ದಾಣದಲ್ಲಿ ಕಾಣಿಸುವುದಿಲ್ಲ. ಅವರ ಲೆಕ್ಕ ಬೇಕಾದರೆ ಮನೆಮನೆಗೆ ಹೋಗಬೇಕು, ಅದನ್ನು ಆಶಾ ಕಾರ್ಯಕರ್ತೆಯರಷ್ಟು ಚೆನ್ನಾಗಿ ಬಲ್ಲವರಿಲ್ಲ. ಒಂದು ವೇಳೆ ರೈಲು ರಾಜಾನುಕುಂಟೆಗೇ ನಿಂತರೂ, ಅದರ ವೇಳೆಗೆ ಹೊಂದುವ ಬಸ್ಸುಗಳನ್ನು ಈ ಲೆಕ್ಕದ ಮೇಲೆಯೇ ಕೇಳಬಹುದು.

ಪ್ರಶ್ನೆ ಕೇಳಿದವರು:
ಮೂವರಿಗೂ ಕೃತಜ್ಞತೆಗಳು. ಎಣಿಕೆಯಿಂದಲೇ ಆರಂಭಿಸುತ್ತೇವೆ, ಮುಂದಿನ ಗ್ರಾಮಸಭೆಗೆ ಅಂಕಿಗಳು ಸಿದ್ಧವಾದ ಮೇಲೆ ಠರಾವಿನ ಕರಡನ್ನು ಇಲ್ಲಿ ಹಾಕುವೆ, ತಿದ್ದಿಕೊಡಿ.