ಸೋಲಾರ್ ಹಾಕಿದ್ರೆ ಎಣ್ಣೆ ಆಮದು ಇಳಿಯುತ್ತಾ?

ರಾಜಾಜಿನಗರದವ:
ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇ 85ಕ್ಕಿಂತ ಹೆಚ್ಚು ಹೊರಗಿಂದಲೇ ಬರೋದು. ಪಾವಗಡದಲ್ಲಿ ನೋಡಿದ್ರೆ 2050 ಮೆಗಾವಾಟ್ ಸೋಲಾರ್ ಪಾರ್ಕ್. ಆದ್ರೂ ಕೊಲ್ಲಿಯಲ್ಲಿ ಗಲಾಟೆ ಆದ್ರೆ ಇಲ್ಲಿ ನಮಗೆ ಢವಢವ. ಮನೆ ಮೇಲೆ 3 ಕಿಲೋವಾಟ್ ಹಾಕಿಸೋಣ ಅಂತಿದ್ದೀನಿ. ದೇಶಕ್ಕೇನಾದ್ರೂ ಉಪಯೋಗ ಉಂಟಾ, ಇಲ್ಲಾ ಬರೀ ನನ್ನ ಬಿಲ್ ಇಳಿಯುತ್ತಾ?

ನಿವೃತ್ತ ಲೈಟುಕಂಬ:
ಸ್ವಾಮಿ, ಇವೆರಡೂ ಬೇರೆ ಲೆಕ್ಕ. ಅಪಾರ್ಟ್‌ಮೆಂಟ್ ಜನರೇಟರ್ ಬಿಟ್ಟರೆ ಎಣ್ಣೆ ಸುಟ್ಟು ಕರೆಂಟ್ ಮಾಡೋದು ನಮ್ಮಲ್ಲಿ ಇಲ್ಲವೆನ್ನುವಷ್ಟು ಕಮ್ಮಿ. ಸೋಲಾರ್ ಬಂದ್ರೆ ಉಳಿಯೋದು ರಾಯಚೂರಲ್ಲಿ ಸುಡೋ ಕಲ್ಲಿದ್ದಲು, ಅದು ಬಹುಪಾಲು ತೆಲಂಗಾಣದ ಸಿಂಗರೇಣಿಯಂಥ ನಮ್ಮ ದೇಶದ್ದೇ ಗಣಿಗಳದ್ದು. ಆಮದು ಎಣ್ಣೆ ಹೆಚ್ಚಾಗಿ ಹೋಗೋದು ಲಾರಿ, ಕಾರು, ಸ್ಕೂಟರ್ ಹೊಟ್ಟೆಗೆ. ಅಡುಗೆ ಗ್ಯಾಸಲ್ಲೂ ಅರ್ಧಕ್ಕಿಂತ ಜಾಸ್ತಿ ಹೊರಗಿನದೇ. ಹಾಗಾಗಿ ತಾರಸಿ ಮೇಲೆ ಪ್ಯಾನೆಲ್, ಗೇಟಲ್ಲಿ ಪೆಟ್ರೋಲ್ ಗಾಡಿ ಇದ್ರೆ ಒಂದು ಹನಿಯೂ ಉಳಿಯಲ್ಲ.

3 ಕಿಲೋವಾಟ್‌ಗೆ ಒಳ್ಳೇ ಬಿಸಿಲಿದ್ರೆ ದಿನಕ್ಕೆ 12 ಯೂನಿಟ್ ಆಸುಪಾಸು. ಕೇಂದ್ರದ ಸಬ್ಸಿಡಿ 78,000 ರೂಪಾಯಿ. ಆ ಕರೆಂಟನ್ನ ಗಾಡಿಗೂ ಅಡುಗೆಗೂ ಹಾಕಿದ್ರೆ ಎಣ್ಣೆ ಉಳಿಯುತ್ತೆ. ಒಂದು ಯೂನಿಟ್‌ಗೆ ಎಲೆಕ್ಟ್ರಿಕ್ ಸ್ಕೂಟರ್ ಸುಮಾರು 30 ಕಿಲೋಮೀಟರ್ ಓಡುತ್ತೆ, ಲೆಕ್ಕ ನೀವೇ ಹಾಕಿ. ನಮ್ಮನೇಲಿ ಅನ್ನ, ಸಾರು, ಹಾಲು ಎಲ್ಲಾ ಇಂಡಕ್ಷನ್ ಮೇಲೆ. ಎಣ್ಣೆಗಾಯಿಗೆ ಬದನೆಕಾಯಿ ಸುಡೋಕೆ, ರೊಟ್ಟಿ ಉಬ್ಬಿಸೋಕೆ ಮಾತ್ರ ಗ್ಯಾಸ್. ಇಂಡಕ್ಷನ್ ಮೇಲೆ ತಳಕ್ಕೆ ಅಯಸ್ಕಾಂತ ಅಂಟೋ ಪಾತ್ರೆಯಷ್ಟೇ ಕಾಯೋದು, ಅದಕ್ಕೇ ಹಿತ್ತಾಳೆ ಪಾತ್ರೆಗಳೆಲ್ಲ ಅಟ್ಟ ಸೇರಿದವು ಅಂತ ನಮ್ಮಾಕೆ ಇನ್ನೂ ಗೊಣಗ್ತಾಳೆ.

ತಿರುಮಣಿ ಹುಡುಗ, ಈಗ ಪೀಣ್ಯ:
ಪಾವಗಡ ಅಂದ್ರಲ್ಲ, ನಮ್ಮ ತಿರುಮಣಿ ಅಲ್ಲೇ. ಪಾರ್ಕಿಗೆ ಜಮೀನು ಕೊಟ್ಟೋರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆಯಿಂದ ಶುರುವಾಗಿದ್ದು, ಜಮೀನಿದ್ದೋರು ಬದುಕಿಕೊಂಡ್ರು. ಕೂಲಿಗೆ ಹೋಗ್ತಿದ್ದೋರು ಊರು ಬಿಟ್ರು. ಇನ್ನು ಪ್ಯಾನೆಲ್ ಒಳಗಿನ ಸೆಲ್ ಎಷ್ಟೋ ಚೀನಾದ್ದು. ಇದ್ಯಾವ ಸ್ವಾವಲಂಬನೆ?

ನಿವೃತ್ತ ಲೈಟುಕಂಬ:
ಕೂಲಿಯವರ ಮಾತು ಒಪ್ಪಿದೆ. ಚೀನಾದ್ದು ಒಪ್ಪಲ್ಲ. ಪ್ಯಾನೆಲ್ ಒಂದ್ಸಲ ತಂದ್ರೆ 25 ವರ್ಷ ದುಡಿಯುತ್ತೆ. ನಾಳೆ ಅವರು ಕೊಡಲ್ಲ ಅಂದ್ರೆ ಹೊಸದು ಬರಲ್ಲ ಅಷ್ಟೇ, ಹಾಕಿರೋದು ನಿಲ್ಲಲ್ಲ. ಎಣ್ಣೆ ಟ್ಯಾಂಕರ್ ನಿಂತ್ರೆ ಕೆಲವೇ ತಿಂಗಳಲ್ಲಿ ಗಾಡಿ ನಿಲ್ಲುತ್ತೆ.

ಸಾಗರದ ಮಾವಿನಮಿಡಿ:
ಸಂಜೆ ಏಳಕ್ಕೆ ನಿಮ್ಮ ಇಂಡಕ್ಷನ್‌ಗೆ ಸೂರ್ಯ ಎಲ್ಲಿದ್ದಾನೆ ಮಾರಾಯ್ರೆ? ಅದಕ್ಕೇ ಅಲ್ವಾ ತಲಕಳಲೆ, ಗೇರುಸೊಪ್ಪೆ ನಡುವೆ 2000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಮಾಡ್ತೀವಿ ಅಂತ ಹೊರಟಿರೋದು, ಅಂದ್ರೆ ಕರೆಂಟ್ ಹೆಚ್ಚಿದ್ದಾಗ ನೀರು ಮೇಲೆತ್ತಿ, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ಮಾಡೋದು. ಅದು ಸಿಂಗಳೀಕದ ಕಾಡು. ಬೆಂಗಳೂರಿಗೆ ದೀಪ ಹಚ್ಚೋಕೆ ಶರಾವತಿ ಕಣಿವೆ ಇನ್ನೆಷ್ಟು ಸಲ ಬಲಿಯಾಗಬೇಕು? ಬ್ಯಾಟರಿ ನಿಮ್ಮೂರಲ್ಲೇ ಇಟ್ಕೊಳ್ಳಿ.

ರಾಜಾಜಿನಗರದವ:
ಹಾಗಾದ್ರೆ ಮೊದಲು ಸ್ಕೂಟರ್ ಬದಲಾಯಿಸ್ತೀನಿ, ಪ್ಯಾನೆಲ್ ಆಮೇಲೆ. ಪಕ್ಕದ ಮನೆಯವರು ನಾಲ್ಕನೇ ಮಹಡಿ ಏರಿಸ್ತಿದ್ದಾರೆ, ನಮ್ಮ ತಾರಸಿಗೆ ಎಷ್ಟು ಬಿಸಿಲು ಉಳಿಸ್ತಾರೋ ನೋಡಿಕೊಂಡೇ ದುಡ್ಡು ಕಟ್ಟಬೇಕು.